ಸಮುತ್ಥಾನವ್ಯಯ: ಗಾಯಗೊಂಡವನ ಹಕ್ಕು ಬೆಳೆದುಬಂದ ಬಗೆ

ಯುದ್ಧದಲ್ಲಿ ಬಿದ್ದವರ ಸಂಖ್ಯೆಯನ್ನು ಚರಿತ್ರೆ ಬರೆದಿಡುತ್ತದೆ. ಕ್ಷಾಮದಲ್ಲಿ ಸತ್ತವರ ಲೆಕ್ಕವನ್ನು ಸರಕಾರದ ದಫ್ತರಗಳು ಬರೆದಿಡುತ್ತವೆ. ಆದರೆ ಬೀದಿಯನ್ನು ದಾಟುವಾಗ, ಗಾಡಿಯನ್ನು ಹತ್ತುವಾಗ, ಯಂತ್ರದ ಮುಂದೆ ನಿಂತಿರುವಾಗ ದಿನನಿತ್ಯವೂ ಸಂಭವಿಸುವ ಗಾಯಗಳಿಗೆ ಅಂಥ ಚರಿತ್ರೆ ಅಪರೂಪ. ಅವುಗಳ ಕಥೆ ಉಳಿದಿರುವುದು ಹೆಚ್ಚಾಗಿ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಮತ್ತು ನ್ಯಾಯಾಲಯಗಳ ತೀರ್ಪುಗಳಲ್ಲಿ. ಅಲ್ಲಿ ಯುಗಯುಗಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದುಬಂದಿದೆ: ಬಿದ್ದವನು ಮರಳಿ ಏಳುವುದಕ್ಕೆ ತಗಲುವ ವೆಚ್ಚವನ್ನು ಯಾರು ಹೊರತಕ್ಕದ್ದು?

ಈ ವೆಚ್ಚಕ್ಕೆ ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ಅರ್ಥವತ್ತಾದ ಒಂದು ಹೆಸರನ್ನಿಟ್ಟಿದ್ದರು: ಸಮುತ್ಥಾನವ್ಯಯ, ಎಂದರೆ ಮೇಲೇಳುವ ಖರ್ಚು. ಈ ಮಾತಿನಲ್ಲಿ ಅಡಗಿರುವ ವಿಚಾರವು ಕಲ್ಯಾಣದ ಮಿತಾಕ್ಷರದಿಂದ ಮುಂಬಯಿಯ ಲೋಕಲ್ ಗಾಡಿಯವರೆಗೆ ನಡೆದುಬಂದ ದಾರಿ ಒಂದೇ ನೇರಿನದಲ್ಲ. ಆ ದಾರಿಯ ಮುಖ್ಯ ತಿರುವುಗಳನ್ನು ಗುರುತಿಸುವುದೇ ಈ ಲೇಖನದ ಉದ್ದೇಶ.

ಕಲ್ಯಾಣದ ವ್ಯಾಖ್ಯಾನಕಾರ

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದನು. ಅವನ ಆಶ್ರಯಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥವು ಭಾರತದ ಬಹುಭಾಗಕ್ಕೆ ಪ್ರಮಾಣವಾದುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದೇ ವ್ಯವಹಾರಾಧ್ಯಾಯದಲ್ಲಿ ದಂಡಪಾರುಷ್ಯವೆಂಬ ಪ್ರಕರಣವೊಂದುಂಟು. ಮೈಮೇಲೆ ಕೈಮಾಡುವುದು, ಅಂಗಭಂಗ ಮಾಡುವುದು ಮೊದಲಾದವುಗಳ ವಿಚಾರ ಅಲ್ಲಿ ಬಂದಿದೆ. ಅದನ್ನು ಓದುವವರು ಕಡಿಮೆ.

ಇನ್ನೊಬ್ಬನಿಗೆ ನೋವುಂಟುಮಾಡಿದವನು ಎರಡು ಬಗೆಯ ಹಣವನ್ನು ತೆರಬೇಕೆಂದು ಯಾಜ್ಞವಲ್ಕ್ಯನ ವಿಧಿ. ಒಂದು ದಂಡ, ಅದು ರಾಜನಿಗೆ ಸಲ್ಲತಕ್ಕದ್ದು. ಇನ್ನೊಂದು ಸಮುತ್ಥಾನವ್ಯಯ, ಅದು ಪೆಟ್ಟುತಿಂದವನು ಗುಣವಾಗುವವರೆಗಿನ ವೆಚ್ಚ. ಮನುಸ್ಮೃತಿಯೂ ಇದನ್ನೇ ಹೇಳುತ್ತದೆ. ತಪ್ಪಿಗೆ ಶಿಕ್ಷೆ ಬೇರೆ, ಗಾಯಕ್ಕೆ ಪರಿಹಾರ ಬೇರೆ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ರಾಜನ ಬೊಕ್ಕಸ ತುಂಬಿದ ಮಾತ್ರಕ್ಕೆ ಗಾಯಗೊಂಡವನ ಹಸಿವು ಇಂಗುವುದಿಲ್ಲವೆಂಬುದನ್ನು ಆ ಶಾಸ್ತ್ರಕಾರರು ಬಲ್ಲವರಾಗಿದ್ದರು.

ಬೀದಿಯ ಅಪಘಾತಗಳೂ ಅವರ ದೃಷ್ಟಿಗೆ ಬಿದ್ದಿದ್ದವು. ಎತ್ತಿನ ಮೂಗುದಾರ ಹರಿದು, ನೊಗ ಮುರಿದು, ಗಾಡಿ ಹಿಂದಕ್ಕೆ ಸರಿದು ಯಾರಿಗಾದರೂ ಪೆಟ್ಟಾದರೆ ಒಡೆಯನಿಗೆ ದೋಷವಿಲ್ಲವೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಸಾರಥಿಯ ಅಕೌಶಲದಿಂದ ಗಾಡಿ ದಾರಿತಪ್ಪಿ ಹಿಂಸೆಯಾದರೆ ಒಡೆಯನು 200 ಪಣ ದಂಡವನ್ನು ತೆರಬೇಕು. ಸಾರಥಿ ನುರಿತವನಾಗಿದ್ದರೆ ದಂಡ ಅವನ ಪಾಲಿಗೆ ಎಂದು ಮನುವಿನ ಮತ. ಕೋರೆದಾಡೆಯ ಅಥವಾ ಕೊಂಬಿನ ಪ್ರಾಣಿ ಯಾರನ್ನಾದರೂ ಹಿಂಸಿಸುತ್ತಿರುವಾಗ, ಬಿಡಿಸಲು ಶಕ್ತಿಯಿದ್ದೂ ಸುಮ್ಮನಿದ್ದ ಒಡೆಯನಿಗೆ ಯಾಜ್ಞವಲ್ಕ್ಯನು ದಂಡ ವಿಧಿಸಿದ್ದಾನೆ. ಸಿಕ್ಕಿಬಿದ್ದವನು ಕೂಗಿಕೊಂಡಿದ್ದರೆ ಆ ದಂಡ ಇಮ್ಮಡಿ. ಅಕುಶಲನನ್ನು ನೇಮಿಸಿದ ಒಡೆಯನ ಹೊಣೆ, ಯಂತ್ರದೋಷದ ಸಮಜಾಯಿಷಿ, ಸುಮ್ಮನಿದ್ದುದೇ ಅಪರಾಧವಾಗುವ ಸಂದರ್ಭ: ಇಂದಿನ ನ್ಯಾಯಾಲಯಗಳಲ್ಲಿ ಕೇಳಿಬರುವ ಮೂರೂ ವಾದಗಳು ಇಲ್ಲಿ ಬೀಜರೂಪದಲ್ಲಿವೆ.

ಹಾಗೆಂದು ಹಳೆಯದೆಲ್ಲವನ್ನೂ ಹೊನ್ನೆಂದು ಎಣಿಸುವುದು ಚರಿತ್ರಕಾರನ ಧರ್ಮವಲ್ಲ. ಆ ಶಾಸ್ತ್ರದಲ್ಲಿ ದಂಡದ ಪ್ರಮಾಣವು ಹೊಡೆದವನ ಮತ್ತು ಹೊಡೆಸಿಕೊಂಡವನ ವರ್ಣವನ್ನು ಅನುಸರಿಸಿ ಏರುತ್ತಿತ್ತು, ಇಳಿಯುತ್ತಿತ್ತು. ಎಲ್ಲರ ಎಲುಬೂ ಒಂದೇ ಎಂಬ ಭಾವನೆ ಅಲ್ಲಿರಲಿಲ್ಲ. ಸತ್ತವನ ಮನೆಯವರ ಪಾಡನ್ನು ಕುರಿತು ಕನ್ನಡ ನಾಡಿನ ಶಾಸನಗಳಲ್ಲಿ ಬೇರೊಂದು ಎಳೆ ಕಾಣಸಿಗುತ್ತದೆ. ಹೋರಾಟದಲ್ಲಿ ಮಡಿದವನ ಕುಟುಂಬಕ್ಕೆ ಭೂಮಿಯನ್ನು ಬಿಟ್ಟುಕೊಡುವ ‘ನೆತ್ತರುಗೊಡಗೆ’ಯ ಪದ್ಧತಿಯೇ ಅದು. ಬಿದ್ದ ರಕ್ತಕ್ಕೆ ಊರು ಋಣಿಯೆಂಬ ತಿಳಿವಳಿಕೆ ಅದರಲ್ಲಿತ್ತು. ಆದರೆ ಅದು ವೀರನಿಗೆ ಸಂದ ಗೌರವವೇ ಹೊರತು ಕೂಲಿಕಾರನ ಹಕ್ಕಾಗಿರಲಿಲ್ಲ.

ರೈಲುದಾರಿಯೂ 1855ರ ಕಾಯಿದೆಯೂ

ಬ್ರಿಟಿಷರ ಆಳ್ವಿಕೆ ನೆಲೆಗೊಂಡಮೇಲೆ ಈ ವಿಷಯದಲ್ಲಿ ಧರ್ಮಶಾಸ್ತ್ರದ ಮಾತು ಹಿಂದೆ ಸರಿದು, ಇಂಗ್ಲೆಂಡಿನ ಸಾಮಾನ್ಯ ನ್ಯಾಯದ ಸೂತ್ರಗಳು ಬಳಕೆಗೆ ಬಂದವು. ಆ ನ್ಯಾಯದಲ್ಲಿ ಒಂದು ವಿಪರೀತ ನಿಯಮವಿತ್ತು. ಗಾಯಗೊಂಡವನು ಬದುಕಿದ್ದರೆ ಪರಿಹಾರ ಕೇಳಬಹುದು. ಸತ್ತರೆ ಅವನ ಹಕ್ಕೂ ಅವನೊಡನೆ ಸಾಯುತ್ತಿತ್ತು. ಇಂಗ್ಲೆಂಡಿನಲ್ಲಿ ಒಂದು ಸಾರೋಟು ಮಗುಚಿ, ಅದರಲ್ಲಿ ಪಯಣಿಸುತ್ತಿದ್ದವನ ಹೆಂಡತಿ ತೀರಿಕೊಂಡಳು. ಮನುಷ್ಯನ ಮರಣವು ಸಿವಿಲ್ ನ್ಯಾಯಾಲಯದಲ್ಲಿ ದೂರತಕ್ಕ ಹಾನಿಯಲ್ಲವೆಂದು ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ 1808ರಲ್ಲಿ ತೀರ್ಮಾನಿಸಿದನು. ಇದರ ಫಲವಾಗಿ, ಕಾಲು ಮುರಿಯುವುದಕ್ಕಿಂತ ಕೊಲ್ಲುವುದೇ ಅಗ್ಗವೆಂಬ ಪರಿಸ್ಥಿತಿ ಒದಗಿತು.

ಈ ಅನ್ಯಾಯವನ್ನು ಬಯಲಿಗೆಳೆದುದು ಹಬೆಯ ಗಾಡಿ. ರೈಲು ಅಪಘಾತಗಳು ಹೆಚ್ಚಿದಂತೆ ಇಂಗ್ಲೆಂಡಿನ ಸಂಸತ್ತು 1846ರಲ್ಲಿ ಲಾರ್ಡ್ ಕ್ಯಾಂಬೆಲ್ಲನ ಕಾಯಿದೆಯನ್ನು ಮಾಡಿತು. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತು. ಎರಡೇ ವರ್ಷಗಳಲ್ಲಿ, ಎಂದರೆ 1855ರಲ್ಲಿ, ಮಾರಕ ಅಪಘಾತಗಳ ಕಾಯಿದೆ ಇಲ್ಲಿಯೂ ಬಂದಿತು. ಪರರ ತಪ್ಪಿನಿಂದ ಸತ್ತವನ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ದಾವೆ ಹೂಡಬಹುದೆಂದು ಅದು ವಿಧಿಸಿತು. ಈ ಪಟ್ಟಿಯಲ್ಲಿ ಅಣ್ಣತಮ್ಮಂದಿರ ಹೆಸರಿಲ್ಲ, ಅಕ್ಕತಂಗಿಯರ ಹೆಸರಿಲ್ಲ. ಇಂಗ್ಲೆಂಡಿನ ಚಿಕ್ಕ ಸಂಸಾರದ ಅಳತೆಗೆ ಹೊಲಿದ ಅಂಗಿಯನ್ನು ಭಾರತದ ಅವಿಭಕ್ತ ಕುಟುಂಬಕ್ಕೆ ತೊಡಿಸಿದಂತಾಯಿತು. ಅದರ ಬಿಗಿತ ಸಡಿಲವಾಗಲು 130 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಗಿರಣಿಯ ಬಾಗಿಲಲ್ಲಿ

ಕಾರ್ಖಾನೆಯ ಕೆಲಸಗಾರನ ಪಾಡು ಇನ್ನೂ ಕಠಿಣವಾಗಿತ್ತು. 1837ರ ಒಂದು ಇಂಗ್ಲಿಷ್ ತೀರ್ಪಿನಿಂದ ಹುಟ್ಟಿದ ‘ಸಮಾನ ಸೇವೆ’ಯ ತತ್ತ್ವದಂತೆ, ಜೊತೆಯ ಕೆಲಸಗಾರನ ತಪ್ಪಿನಿಂದ ಗಾಯವಾದರೆ ಧಣಿಗೆ ಹೊಣೆಯಿರಲಿಲ್ಲ. ಕೆಲಸಕ್ಕೆ ಸೇರಿದವನು ಅದರ ಅಪಾಯಗಳನ್ನೂ ಒಪ್ಪಿಕೊಂಡೇ ಸೇರಿದ್ದಾನೆಂಬ ವಾದ ಇದಕ್ಕೆ ಬೆಂಬಲವಾಗಿತ್ತು. ಹೊಟ್ಟೆಯ ಹಸಿವಿನಿಂದ ಬಂದವನ ಮೌನವನ್ನು ಸಮ್ಮತಿಯೆಂದು ಎಣಿಸಿದ ನ್ಯಾಯ ಇದು.

ಭಾರತದ ಮೊದಲ ಫ್ಯಾಕ್ಟರಿ ಕಾಯಿದೆ 1881ರಲ್ಲಿ ಜಾರಿಗೆ ಬಂದಿತು. ಯಂತ್ರಗಳಿಗೆ ಬೇಲಿ ಕಟ್ಟಬೇಕೆಂದು, ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದು ಅದು ವಿಧಿಸಿತು. ಗಾಯಗೊಂಡವನ ಪರಿಹಾರದ ಮಾತು ಅದರಲ್ಲಿರಲಿಲ್ಲ. ಆ ಮಾತನ್ನು ಎತ್ತಿದವರು ಸ್ವತಃ ಕಾರ್ಮಿಕರು. 1884ರ ಸಪ್ಟೆಂಬರಿನಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ಸಭೆ ಸೇರಿ, ಸುಮಾರು 5,500 ಸಹಿಗಳ ಮನವಿಯೊಂದನ್ನು ಸಿದ್ಧಪಡಿಸಿದರು. ವಾರಕ್ಕೊಂದು ರಜೆ, ನಡುಹಗಲಿನ ವಿರಾಮ, ಸಕಾಲದಲ್ಲಿ ಸಂಬಳ ಇವುಗಳೊಡನೆ ಅವರು ಇನ್ನೊಂದನ್ನೂ ಕೇಳಿದರು: ಕೆಲಸದಲ್ಲಿ ಗಂಭೀರವಾಗಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಸಂಬಳ ಸಿಗಬೇಕು, ಜೀವಮಾನದ ಊನವಾದರೆ ಜೀವನೋಪಾಯಕ್ಕೆ ತಕ್ಕ ಏರ್ಪಾಡಾಗಬೇಕು. ಮಿತಾಕ್ಷರದ ಹೆಸರನ್ನು ಅವರಲ್ಲಿ ಎಷ್ಟು ಮಂದಿ ಕೇಳಿದ್ದರೋ. ಆದರೆ ಅವರು ಬೇಡಿದುದು ಸಮುತ್ಥಾನವ್ಯಯವನ್ನೇ.

ಆ ಬೇಡಿಕೆಗೆ ಕಾಯಿದೆಯ ರೂಪ ಬರಲು 39 ವರ್ಷಗಳು ಬೇಕಾದವು. 1923ರ ಕಾರ್ಮಿಕ ನಷ್ಟಪರಿಹಾರ ಕಾಯಿದೆಯು 1924ರ ಜುಲೈ 1ರಿಂದ ಜಾರಿಗೆ ಬಂದಿತು. ಈ ಕಾಯಿದೆಯ ಕ್ರಾಂತಿಕಾರಕ ಅಂಶವೆಂದರೆ, ಅದು ‘ತಪ್ಪು ಯಾರದು?’ ಎಂದು ಕೇಳಲಿಲ್ಲ. ಕೆಲಸದ ನಿಮಿತ್ತದಿಂದ ಮತ್ತು ಕೆಲಸದ ಅವಧಿಯಲ್ಲಿ ಅಪಘಾತವಾಯಿತೇ ಎಂದಷ್ಟೇ ಕೇಳಿತು. ಲಾಭ ಯಾರಿಗೋ ಆ ಉದ್ಯಮದ ಅಪಾಯದ ಭಾರವೂ ಅವರಿಗೇ ಎಂಬ ತತ್ತ್ವ ಹೀಗೆ ನೆಲೆಯೂರಿತು. ದೇಹದ ಒಂದೊಂದು ಅಂಗಕ್ಕೂ ಗಳಿಕೆಯ ಶಕ್ತಿಯಲ್ಲಿ ಶೇಕಡಾ ಇಷ್ಟು ನಷ್ಟವೆಂದು ಅದು ಪಟ್ಟಿಮಾಡಿತು. ಹೆಬ್ಬೆರಳು ಪೂರ್ತಿಯಾಗಿ ಹೋದರೆ 30, ತೋರುಬೆರಳು ಹೋದರೆ 14, ಎರಡು ಕೈಗಳೂ ಹೋದರೆ 100 ಎಂಬ ಲೆಕ್ಕ ಬಳಕೆಗೆ ಬಂದಿತು.

ಆದರೆ ಈ ಛತ್ರಿಯ ಕೆಳಗೆ ಎಲ್ಲರಿಗೂ ಸ್ಥಳವಿರಲಿಲ್ಲ. ಪಟ್ಟಿಯಲ್ಲಿ ಹೆಸರಿಸಿದ ಉದ್ಯೋಗಗಳವರಿಗೆ ಮಾತ್ರ ಅದರ ಪ್ರಯೋಜನ. ಧಣಿಯ ವ್ಯಾಪಾರ ಉದ್ಯಮಗಳಿಗೆ ಸೇರದ ಬಿಡಿ ಕೆಲಸಕ್ಕೆ ಅಂದಂದಿಗೆ ಕರೆಸಿಕೊಂಡ ಕೂಲಿಯನ್ನು ಹೊರಗಿಟ್ಟ ಮಾತುಗಳು 2000ದ ತಿದ್ದುಪಡಿಯಿಂದಷ್ಟೇ ಅಳಿದವು. ಸಮಾನ ಸೇವೆಯ ತತ್ತ್ವಕ್ಕೆ 1938ರ ಧಣಿಗಳ ಹೊಣೆಗಾರಿಕೆ ಕಾಯಿದೆ ಕಡಿವಾಣ ಹಾಕಿತು. 1948ರ ಕಾರ್ಮಿಕರ ರಾಜ್ಯವಿಮಾ ಕಾಯಿದೆಯು ಚಿಕಿತ್ಸೆಯ ಏರ್ಪಾಡನ್ನು ಸೇರಿಸಿತು. 1923ರ ಮತ್ತು 1948ರ ಕಾಯಿದೆಗಳ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿದೆ.

ಮೋಟಾರಿನ ಯುಗ

ಗಿರಣಿಯೊಳಗೆ 1923ರಲ್ಲೇ ಸೋತ ‘ತಪ್ಪು ಯಾರದು’ ಎಂಬ ಪ್ರಶ್ನೆ, ಬೀದಿಯಲ್ಲಿ ಮಾತ್ರ ಬಹುಕಾಲ ಗೆದ್ದೇ ನಿಂತಿತ್ತು. 1939ರ ಮೋಟಾರು ವಾಹನ ಕಾಯಿದೆಯು ಮೂರನೆಯವರ ಗಾಯಕ್ಕೆ ವಿಮೆಯನ್ನು ಕಡ್ಡಾಯಗೊಳಿಸಿತು. ಆ ಅಧ್ಯಾಯ ಜಾರಿಗೆ ಬಂದುದು 1946ರ ಜುಲೈ 1ರಂದು. ಸಿವಿಲ್ ನ್ಯಾಯಾಲಯದ ದೀರ್ಘ ದಾರಿಯನ್ನು ತಪ್ಪಿಸಲು 1956ರ ತಿದ್ದುಪಡಿಯು ಪ್ರತ್ಯೇಕ ನ್ಯಾಯಮಂಡಲಿಗಳಿಗೆ ಎಡೆಮಾಡಿತು. ಹಣ ತೆರುವವರು ಇದ್ದರು, ಕೇಳುವ ಸ್ಥಳವೂ ಆಯಿತು. ಆದರೆ ಚಾಲಕನ ಅಲಕ್ಷ್ಯವನ್ನು ಸಾಬೀತುಗೊಳಿಸದೆ ಪರಿಹಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಹೇಳಿತು. ಆಸ್ಪತ್ರೆಯಲ್ಲಿ ಪ್ರಜ್ಞೆತಪ್ಪಿ ಬಿದ್ದವನು ಸಾಕ್ಷಿಗಳನ್ನು ಹುಡುಕುವುದೆಂತು?

1982ರ ತಿದ್ದುಪಡಿಯು ಈ ಗೋಡೆಯಲ್ಲಿ ಮೊದಲ ಕಿಂಡಿಯನ್ನು ತೆರೆಯಿತು. ತಪ್ಪನ್ನು ಸಾಧಿಸದೆಯೇ ಸಾವಿಗೆ 15,000 ರೂಪಾಯಿ, ಶಾಶ್ವತ ಊನಕ್ಕೆ 7,500 ರೂಪಾಯಿ ಸಿಗುವಂತಾಯಿತು. 1988ರ ಹೊಸ ಕಾಯಿದೆ ಮತ್ತು 1994ರ ತಿದ್ದುಪಡಿಗಳು ಈ ಮೊತ್ತಗಳನ್ನು ಹೆಚ್ಚಿಸಿದವು. 2019ರ ತಿದ್ದುಪಡಿಯ ಮೇರೆಗೆ ಅಲಕ್ಷ್ಯವನ್ನು ರುಜುವಾತುಪಡಿಸದೆ ಪಡೆಯಬಹುದಾದ ಪರಿಹಾರವು ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದಾಗ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಇದಕ್ಕೂ ಹೆಚ್ಚಿನ ನಷ್ಟವನ್ನು ಕೇಳುವವನು ಮಾತ್ರ ತಪ್ಪನ್ನು ಸಾಧಿಸಬೇಕು.

ಇದೇ ಅವಧಿಯಲ್ಲಿ 1855ರ ಇಕ್ಕಟ್ಟಾದ ಪಟ್ಟಿಯೂ ಸಡಿಲಾಯಿತು. ಆ ಕೆಲಸ ನಡೆದುದು ಕನ್ನಡಿಗರೊಬ್ಬರ ಲೇಖನಿಯಿಂದ. ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದ ಇ.ಎಸ್. ವೆಂಕಟರಾಮಯ್ಯನವರು 1987ರಲ್ಲಿ, ಗುಜರಾತಿನ ಬಾಲಕನೊಬ್ಬನ ಸಾವಿಗೆ ಅವನ ಸೋದರರು ಕೇಳಿದ ಪರಿಹಾರದ ಮೊಕದ್ದಮೆಯನ್ನು ತೀರ್ಮಾನಿಸಿದರು. ಭಾರತೀಯ ಕುಟುಂಬದಲ್ಲಿ ಸೋದರರು, ಸೋದರಿಯರು, ಸೋದರರ ಮಕ್ಕಳು, ಕೆಲವೊಮ್ಮೆ ಸಾಕುಮಕ್ಕಳು ಕೂಡ ಒಂದೇ ಗಳಿಕೆಯನ್ನು ಆಶ್ರಯಿಸಿ ಬದುಕುತ್ತಾರೆಂಬುದನ್ನು ಅವರು ಎತ್ತಿ ತೋರಿಸಿ, ಮೋಟಾರು ಕಾಯಿದೆಯ ಹಕ್ಕು 1855ರ ಪಟ್ಟಿಗೆ ಕಟ್ಟುಬಿದ್ದುದಲ್ಲವೆಂದರು. ತನ್ನ ತಪ್ಪಿಲ್ಲದೆ ಗಾಯಗೊಂಡ ಪಾದಚಾರಿಗೆ, ಚಾಲಕನ ಅಲಕ್ಷ್ಯವಿರಲಿ ಬಿಡಲಿ, ಪರಿಹಾರ ಸಿಕ್ಕಬೇಕು. ಇಲ್ಲವಾದರೆ ಸಾಮಾಜಿಕ ನ್ಯಾಯವೆಂಬ ಮಾತಿಗೆ ಅರ್ಥವಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಊರಿನಲ್ಲಿರುವ ತಮ್ಮಂದಿರ ಓದಿಗೂ ತಂಗಿಯರ ಮದುವೆಗೂ ಮುಂಬಯಿಯಿಂದ ಹಣ ಕಳುಹಿಸುವ ಅಣ್ಣಂದಿರ ಸಮಾಜಕ್ಕೆ ಈ ತೀರ್ಪಿನ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೋಕಲ್ ಗಾಡಿಯ ಬಾಗಿಲು

ಮುಂಬಯಿಯಲ್ಲಿ ನೆಲೆಸಿದವರಿಗೆ ಮೋಟಾರಿಗಿಂತಲೂ ಹತ್ತಿರದ ಅಪಾಯವೆಂದರೆ ಲೋಕಲ್ ಗಾಡಿ. ಗಾಡಿಗಳ ಡಿಕ್ಕಿ, ಹಳಿ ತಪ್ಪುವಿಕೆ ಮುಂತಾದ ದುರಂತಗಳಿಗೆ ಪರಿಹಾರ ಮೊದಲಿನಿಂದ ಇತ್ತು. ಆದರೆ ನೂಕುನುಗ್ಗಲಿನಲ್ಲಿ ಬಾಗಿಲಿನಿಂದ ಜಾರಿ ಬಿದ್ದವನಿಗೆ ಇರಲಿಲ್ಲ. 1989ರ ರೈಲ್ವೆ ಕಾಯಿದೆಗೆ 1994ರಲ್ಲಿ ಸೇರಿಸಿದ ಕಲಮು ಈ ಕೊರತೆಯನ್ನು ನೀಗಿಸಿ, ಪ್ರಯಾಣಿಕರ ಗಾಡಿಯಿಂದ ಆಕಸ್ಮಿಕವಾಗಿ ಬೀಳುವುದನ್ನು ‘ಅಹಿತಕರ ಘಟನೆ’ಗಳಲ್ಲಿ ಸೇರಿಸಿತು. ಇಲ್ಲಿಯೂ ರೈಲ್ವೆಯ ತಪ್ಪನ್ನು ಸಾಧಿಸಬೇಕಾಗಿಲ್ಲ. ಗಾಡಿಯನ್ನು ಹತ್ತುವಾಗ ಬಿದ್ದವನಿಗೂ ಈ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೇಳಿತು. ತೆರೆದ ಬಾಗಿಲ ಬಳಿ ನಿಂತಿದ್ದುದು ಅಲಕ್ಷ್ಯವಾಗಬಹುದೇ ಹೊರತು ಅಪರಾಧಕೃತ್ಯವಲ್ಲವೆಂದು 2010ರಲ್ಲಿ ಸ್ಪಷ್ಟಪಡಿಸಿತು. ಮೃತನ ಬಳಿ ಟಿಕೆಟು ಸಿಕ್ಕಲಿಲ್ಲವೆಂಬ ಒಂದೇ ಕಾರಣದಿಂದ ಅವನು ಪ್ರಯಾಣಿಕನಲ್ಲವೆನ್ನುವಂತಿಲ್ಲ ಎಂದು 2018ರಲ್ಲಿ ತೀರ್ಮಾನವಾಯಿತು. ಸಾವಿಗೆ ಸಲ್ಲುವ ಪರಿಹಾರವನ್ನು 2017ರ ಜನವರಿ 1ರಿಂದ 4 ಲಕ್ಷದಿಂದ 8 ಲಕ್ಷ ರೂಪಾಯಿಗೆ ಏರಿಸಲಾಯಿತು.

ಆದರೆ ಈ ರಕ್ಷಣೆ ಪ್ರಯಾಣಿಕನಿಗೆ ಮಾತ್ರ. ಹಳಿ ದಾಟುತ್ತಿರುವಾಗ ಗಾಡಿಗೆ ಸಿಕ್ಕಿದವನು ಇದರ ಹೊರಗೆ ಉಳಿಯುತ್ತಾನೆ. ಮೇಲುಸೇತುವೆ ದೂರವಿರುವ ಕಡೆಯಲ್ಲಿ ಹಳಿ ದಾಟುವವನದು ಉದ್ಧಟತನವೋ ಅನಿವಾರ್ಯವೋ ಎಂಬ ಪ್ರಶ್ನೆಯನ್ನು ಈ ಕಲಮು ಕೇಳುವುದಿಲ್ಲ.

ಪೌರಸಂಸ್ಥೆಯ ಹೊಣೆ

ಯಂತ್ರಕ್ಕೆ ಧಣಿಯುಂಟು, ಮೋಟಾರಿಗೆ ವಿಮೆಯುಂಟು. ಆದರೆ ರಸ್ತೆಯೇ, ಮರವೇ, ಗೋಡೆಯೇ ಮೇಲೆ ಬಿದ್ದರೆ ಯಾರನ್ನು ಕೇಳಬೇಕು? ದೆಹಲಿಯ ಚಾಂದನೀ ಚೌಕದ ಗಡಿಯಾರ ಗೋಪುರ ಕುಸಿದು ಹಲವರು ಸತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ತೀರ್ಪಿತ್ತಿತು. ಗೋಪುರಕ್ಕೆ ಸುಮಾರು 80 ವರ್ಷ ವಯಸ್ಸಾಗಿತ್ತು. ಆ ಬಗೆಯ ಗಾರೆಯ ಕಟ್ಟಡದ ಆಯುಸ್ಸು 40–45 ವರ್ಷ. ಕಟ್ಟಡ ತಾನಾಗಿ ಬಿದ್ದುದೇ ಅಲಕ್ಷ್ಯಕ್ಕೆ ಸಾಕ್ಷಿ. ಹೊಣೆ ನಗರಸಭೆಯದು ಎಂಬುದು ಆ ತೀರ್ಪು. ಆದರೆ 1997ರಲ್ಲಿ, ರಾಜಕೋಟೆಯಲ್ಲಿ ದಾರಿಹೋಕನ ಮೇಲೆ ಮರ ಬಿದ್ದ ಪ್ರಕರಣದಲ್ಲಿ, ಅದೇ ನ್ಯಾಯಾಲಯವು ನಗರಸಭೆ ಹೊಣೆಯಲ್ಲವೆಂದಿತು. ಗೋಪುರ ಬಿದ್ದರೆ ಪರಿಹಾರ, ಮರ ಬಿದ್ದರೆ ವಿಧಿ ಎಂಬ ಈ ಭೇದವು ಸಾಮಾನ್ಯನಿಗೆ ಒಗಟಾಗಿಯೇ ತೋರುವುದು.

ಇತ್ತೀಚೆಗೆ ತಕ್ಕಡಿ ಮತ್ತೆ ನಾಗರಿಕನ ಕಡೆಗೆ ವಾಲಿದೆ. ರಸ್ತೆಯ ಗುಂಡಿಗಳಿಂದಲೂ ತೆರೆದ ಚರಂಡಿಗಳಿಂದಲೂ ಸಂಭವಿಸಿದ ಸಾವಿಗೆ 6 ಲಕ್ಷ, ಗಾಯಕ್ಕೆ ತಕ್ಕಂತೆ 50,000ದಿಂದ 2.5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ ಆಜ್ಞಾಪಿಸಿತು.

ಬದುಕಿಗೆ ಬೆಲೆ ಕಟ್ಟುವ ಬಗೆ

ಹಕ್ಕು ಒಪ್ಪಿತವಾದಮೇಲೆ ಉಳಿಯುವುದು ಮೊತ್ತದ ಪ್ರಶ್ನೆ. ಒಂದೇ ಬಗೆಯ ಸಾವಿಗೆ ಒಂದೊಂದು ನ್ಯಾಯಮಂಡಲಿ ಒಂದೊಂದು ಲೆಕ್ಕ ಹಾಕುತ್ತಿದ್ದ ಗೊಂದಲಕ್ಕೆ, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಆರ್.ವಿ. ರವೀಂದ್ರನ್ ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ 2009ರಲ್ಲಿ ಬರೆದ ತೀರ್ಪು ಒಂದು ಕ್ರಮವನ್ನು ಒದಗಿಸಿತು. 2017ರ ಸಂವಿಧಾನ ಪೀಠದ ತೀರ್ಪು ಅದನ್ನು ಪೂರ್ಣಗೊಳಿಸಿತು. ತಿಂಗಳಿಗೆ 12,000 ರೂಪಾಯಿ ಗಳಿಸುತ್ತಿದ್ದ, ಸ್ವಂತ ದುಡಿಮೆಯ, 35 ವರ್ಷದ ಗೃಹಸ್ಥನೊಬ್ಬನು ನಾಲ್ವರು ಅವಲಂಬಿತರನ್ನು ಬಿಟ್ಟು ಸತ್ತನೆಂದು ಇಟ್ಟುಕೊಳ್ಳೋಣ. ಮುಂದೆ ಗಳಿಕೆ ಏರುತ್ತಿತ್ತೆಂದು ಶೇಕಡಾ 40 ಸೇರಿಸಿದರೆ 16,800, ಸ್ವಂತ ಖರ್ಚಿಗೆ ನಾಲ್ಕನೆಯ ಒಂದು ಪಾಲು ಕಳೆದರೆ 12,600, ವರ್ಷಕ್ಕೆ 1,51,200. ಆ ವಯಸ್ಸಿಗೆ ನಿಗದಿಯಾದ ಗುಣಕ 16. ಅದರಿಂದ ಗುಣಿಸಿದರೆ 24,19,200 ರೂಪಾಯಿ. ಉತ್ತರಕ್ರಿಯೆಯ ವೆಚ್ಚ ಮುಂತಾದವು ಇದಕ್ಕೆ ಸೇರತಕ್ಕವು.

ಗಳಿಕೆಗೆ ಕಾಗದದ ಆಧಾರವಿಲ್ಲದ ಬಡವನ ಪಾಡನ್ನೂ ನ್ಯಾಯಾಲಯಗಳು ಕ್ರಮೇಣ ಮನಗಂಡಿವೆ. ಕರ್ನಾಟಕದ ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿ, ಕೂಲಿಯವನಿಂದ ಸಂಬಳದ ಚೀಟಿಯನ್ನು ನಿರೀಕ್ಷಿಸಲಾಗದೆಂದು ಹೇಳಿ, ನ್ಯಾಯಮಂಡಲಿ 3,000ವೆಂದಿದ್ದ ತಿಂಗಳ ಗಳಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ 4,500ವೆಂದು ಒಪ್ಪಿತು. ಕಾಲು ಕಳೆದುಕೊಂಡ ತರಕಾರಿ ಮಾರುವವನ ಗಳಿಕೆಯ ಶಕ್ತಿ ಶೇಕಡಾ 85ರಷ್ಟು ನಷ್ಟವಾಯಿತೆಂದು 2014ರಲ್ಲಿ ತೀರ್ಮಾನಿಸಿತು. ವೈದ್ಯನ ಅಳತೆಯಲ್ಲಿ ಅಂಗದ ಊನ ಎಷ್ಟೆಂಬುದಕ್ಕಿಂತ, ಆ ಊನದಿಂದ ಅವನ ವೃತ್ತಿ ಎಷ್ಟು ಕೆಟ್ಟಿತೆಂಬುದು ಮುಖ್ಯ ಎಂಬ ನಿಲುವು ಈಗ ಸ್ಥಿರಪಟ್ಟಿದೆ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆಯುಂಟೆಂದು 2001ರ ಒಂದು ತೀರ್ಪು ತಿಂಗಳಿಗೆ 3,000 ರೂಪಾಯಿಯನ್ನು ಗೊತ್ತುಮಾಡಿತು. ವರ್ಣವನ್ನು ನೋಡಿ ದಂಡ ಅಳೆಯುತ್ತಿದ್ದ ಕಾಲದಿಂದ ಲೋಕ ಬಹುದೂರ ಬಂದಿದೆ. ಆದರೂ ಗಳಿಕೆಯನ್ನು ನೋಡಿ ಪರಿಹಾರ ಅಳೆಯುವ ಈ ಕ್ರಮದಲ್ಲಿ ಎಲ್ಲರ ಎಲುಬಿಗೂ ಒಂದೇ ಬೆಲೆಯೆಂದು ಇನ್ನೂ ಹೇಳುವಂತಿಲ್ಲ.

ಉಳಿದಿರುವ ಕೊರತೆ

ಈ ಚರಿತ್ರೆಯ ಗತಿಯನ್ನು ಒಟ್ಟಾಗಿ ನೋಡಿದರೆ, ನ್ಯಾಯವು ತಪ್ಪಿನ ಪ್ರಶ್ನೆಯಿಂದ ಅಪಾಯದ ಪ್ರಶ್ನೆಯತ್ತ, ಶಿಕ್ಷೆಯಿಂದ ಸಮುತ್ಥಾನದತ್ತ ನಡೆದುಬಂದಿರುವುದು ಸ್ಪಷ್ಟವಾಗುತ್ತದೆ. ಆದರೆ ಹಕ್ಕು ಇರುವುದು ಬೇರೆ, ಅದು ಕೈಗೆ ಸೇರುವುದು ಬೇರೆ. ಇಂದು ಗಾಯಗೊಂಡವನ ಹಕ್ಕಿಗೆ ದೊಡ್ಡ ಶತ್ರು ನಿರಾಕರಣೆಯಲ್ಲ, ಕಾಲಾತಿಕ್ರಮ. ಮೋಟಾರು ಪರಿಹಾರದ ಅರ್ಜಿಗೆ 1994ರಲ್ಲಿ ತೆಗೆದುಹಾಕಿದ್ದ ಆರು ತಿಂಗಳ ಗಡುವನ್ನು 2019ರ ತಿದ್ದುಪಡಿ ಮತ್ತೆ ತಂದಿತು. ಅದು 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, ಗಡುವು ಮೀರಿತೆಂಬ ಕಾರಣಕ್ಕಾಗಿ ಅರ್ಜಿಗಳನ್ನು ವಜಾ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆಯನ್ನಿತ್ತಿತು. ರೈಲ್ವೆ ಪರಿಹಾರಕ್ಕೆ ಒಂದು ವರ್ಷದ ಅವಧಿಯಿದೆ. ತಡಕ್ಕೆ ತಕ್ಕ ಕಾರಣ ತೋರಿಸಬೇಕು. ಆಸ್ಪತ್ರೆಯ ವಾಸ, ಉತ್ತರಕ್ರಿಯೆ, ಊರಿಗೆ ಮರಳುವಿಕೆ ಇವುಗಳಲ್ಲಿ ತಿಂಗಳುಗಳು ಕಳೆದುಹೋಗುವುದು ಸಹಜ.

ಪರಸ್ಥಳದಲ್ಲಿ ದುಡಿಯುವ ಕನ್ನಡಿಗನಿಗೆ ಈ ಕಷ್ಟ ಇಮ್ಮಡಿ. ಹೊಟೇಲಿನ ಒಲೆಯ ಮುಂದೆ ಸುಟ್ಟುಕೊಂಡವನ ಹೆಸರು ಹಾಜರಿ ಪುಸ್ತಕದಲ್ಲಿರುವುದಿಲ್ಲ. ಕಟ್ಟಡದ ಸಾರುವೆಯಿಂದ ಬಿದ್ದವನ ಕಾಗದಪತ್ರಗಳು ಕಲಬುರಗಿಯ ಕಡೆಯ ಹಳ್ಳಿಯಲ್ಲಿರುತ್ತವೆ. ಅವಲಂಬಿತರಿಗೆ ಮುಂಬಯಿಯ ಭಾಷೆಯೂ ತಿಳಿಯದು, ದಾರಿಯೂ ತಿಳಿಯದು. ಇಂಥವರಿಗಾಗಿಯೇ ಕಾಯಿದೆಯಲ್ಲಿ ಒಂದು ಅನುಕೂಲವುಂಟು. ಮೋಟಾರು ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿಯೇ ಹಾಕಬೇಕೆಂದಿಲ್ಲ. ಅರ್ಜಿದಾರನು ವಾಸಿಸುವ ಊರಿನ ನ್ಯಾಯಮಂಡಲಿಯಲ್ಲಿಯೂ ಹಾಕಬಹುದು. ಕಾರ್ಮಿಕ ಪರಿಹಾರಕ್ಕೂ ಇಂಥದೇ ಸೌಕರ್ಯವನ್ನು 1995ರ ತಿದ್ದುಪಡಿ ಕಲ್ಪಿಸಿತು. 1987ರ ಕಾನೂನು ಸೇವಾ ಕಾಯಿದೆಯ ಮೇರೆಗೆ ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತವಾಗಿ ವಕೀಲರ ನೆರವು ದೊರೆಯತಕ್ಕದ್ದು. ಇವುಗಳನ್ನು ಅರಿತವರು ಕೆಲವರೇ. ಹೊರನಾಡಿನ ಕನ್ನಡ ಸಂಘಗಳ ವಾಚನಾಲಯಗಳಲ್ಲಿ ಕಾವ್ಯಗಳ ಪಕ್ಕದಲ್ಲಿ ಈ ಕಾಯಿದೆಗಳ ಕನ್ನಡ ಸಾರವೂ ಇರಬೇಕಾದುದು ಇದೇ ಕಾರಣದಿಂದ.

ವಿಜ್ಞಾನೇಶ್ವರನ ಕಾಲದಲ್ಲಿ ಗಾಯಗೊಂಡವನು ರಾಜಸಭೆಗೆ ಬಂದು ದೂರಿದಮೇಲೆ ತಾನೇ ಸಮುತ್ಥಾನವ್ಯಯದ ಮಾತು ಏಳುತ್ತಿತ್ತು. ಇಂದಿಗೂ ಪರಿಹಾರವನ್ನು ಕೇಳಬೇಕಾದವನು ನೆಲಕ್ಕೆ ಬಿದ್ದವನೇ. ಕಾಯಿದೆಯು ಅವನನ್ನು ಅರಸಿಕೊಂಡು ಹೋಗುವ ಕಾಲ ಬರುವವರೆಗೆ, ಕಾಯಿದೆಯನ್ನು ಅವನ ಬಳಿಗೆ ಒಯ್ಯುವ ಹೊಣೆ ಓದುಬರಹ ಬಲ್ಲ ನೆರೆಹೊರೆಯವರದೇ ಆಗಿ ಉಳಿದಿದೆ.